ಹರಾಜಿನಲ್ಲಿ ಹಿಡಿದ ಕಂಪನಿ ಗಾಡಿ

ಹೋದ ವಾರ ಪಕ್ಕದ ಮನೆಯ ಶಿವಣ್ಣ ಮೊಬೈಲು ಹಿಡಿದುಕೊಂಡು ಬಂದ. ಕೊಯಮತ್ತೂರಿನ ಯಾವುದೋ ಕಂಪನಿ ತನ್ನ ಹಳೇ ಕಾರುಗಳನ್ನು ಹರಾಜು ಹಾಕುತ್ತಿದೆಯಂತೆ. ಹತ್ತು ಹನ್ನೆರಡು ಫೋಟೊ. ಎಲ್ಲವೂ ಬಿಳಿ, ಎಲ್ಲವೂ ತೊಳೆದು ಒರೆಸಿ ಸಾಲಾಗಿ ನಿಲ್ಲಿಸಿದವು. "ಅಣ್ಣಾ, ನಿಮಗೆ ಅನುಭವ ಉಂಟಲ್ಲ, ಯಾವುದು ಹಿಡೀಲಿ ಹೇಳಿ" ಎಂದ. ಅನುಭವ ಉಂಟು ಎನ್ನುವುದು ನಿಜ. ಹಲ್ಲು ಕೀಳಿಸಿಕೊಂಡವನಿಗೂ ಹಲ್ಲಿನ ಅನುಭವ ಇರುತ್ತದೆ.

ಆದರೂ ಕೇಳಲು ಬಂದವನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಕಾಲು ಚಾಚಿ ಕೂತು ಉಪದೇಶಕ್ಕೆ ಶುರು ಮಾಡಿದೆ. ನೋಡು ಶಿವಣ್ಣಾ, ಕಂಪನಿ ಗಾಡಿಗೆ ಕಾಲಕಾಲಕ್ಕೆ ಆಯಿಲ್ ಹಾಕಿರುತ್ತಾರೆ, ಯಾಕೆಂದರೆ ಹಾಕಿಸುವವನ ಜೇಬಿನಿಂದ ಏನೂ ಹೋಗುವುದಿಲ್ಲ. ಕಾಗದಪತ್ರ ಚೊಕ್ಕವಾಗಿರುತ್ತವೆ. ನಾಲ್ಕು ಕೈ ಬದಲಾಗಿರುವುದಿಲ್ಲ. ಇಷ್ಟು ಲಾಭ. ಇನ್ನು ನಷ್ಟ ಏನೆಂದರೆ, ಅದನ್ನು ಯಾರೂ ನನ್ನದು ಎಂದು ಸಾಕಿರುವುದಿಲ್ಲ. ಹಿಂದೆ ಕೂತವನಿಗೆ ಗುಂಡಿ ಬಿದ್ದದ್ದು ಗೊತ್ತಾಗುವುದು ಕೈಯಲ್ಲಿರುವ ಪೇಪರು ಹಾರಿದಾಗ ಮಾತ್ರ. ಆದ್ದರಿಂದ ಸರ್ವೀಸ್ ಪುಸ್ತಕ ನೋಡುವ ಮೊದಲು ಅದನ್ನು ಓಡಿಸಿದ ಡ್ರೈವರನ್ನು ಹುಡುಕು. ಕೂರಿಸಿ ಟೀ ಕುಡಿಸು. ಗಾಡಿಗೆ ಏನೇನಾಗಿದೆ ಅಂತ ಅವನಿಗೊಬ್ಬನಿಗೇ ಗೊತ್ತು.

"ನೀವು ಕೇಳಿದ್ರಾ ಅಣ್ಣಾ?"

ಕೇಳಿದ್ದೆ. ಡ್ರೈವರು ನಮ್ಮಪ್ಪನೇ. ಆದರೂ ಗಾಡಿಗೆ ಏನಾಗಿದೆ ಎಂದು ಅವನು ಹೇಳಲಿಲ್ಲ.

ಶಿವಣ್ಣ ಹೋದ ಮೇಲೆ ಇಡೀ ಸಂಜೆ ಅದೇ ಗುಂಗಿನಲ್ಲಿದ್ದೆ. ಅದಕ್ಕೇ ನಿಮ್ಮೆದುರು ಬಿಚ್ಚಿಡುತ್ತಿದ್ದೇನೆ.

ನಮ್ಮಪ್ಪ ನಂಜಪ್ಪ, ಊಟಿ ಹತ್ತಿರದ ಸೋಲೂರಿನ ಕಡೆಯ ಒಂದು ಟೀ ಎಸ್ಟೇಟಿನಲ್ಲಿ ಇಪ್ಪತ್ತಾರು ವರ್ಷ ಮ್ಯಾನೇಜರ ಕಾರು ಓಡಿಸಿದವನು. ಮ್ಯಾನೇಜರುಗಳು ಬದಲಾದರು, ಕಾರುಗಳು ಬದಲಾದವು, ಅಪ್ಪನ ಖಾಕಿ ಬದಲಾಗಲಿಲ್ಲ. ಊರಿನವರು ಮ್ಯಾನೇಜರನ್ನು ದೊರೆ ಎನ್ನುತ್ತಿದ್ದರು. ದೊರೆ ಪಳನಿಯವನಾಗಿದ್ದರೂ ಅಷ್ಟೇ, ಪಂಜಾಬಿನವನಾಗಿದ್ದರೂ ಅಷ್ಟೇ. ಬೆಳಿಗ್ಗೆ ಹಿಂದಿನ ಸೀಟು ಒರೆಸುವಾಗ ಅಪ್ಪ ಚಪ್ಪಲಿ ಬಿಡುತ್ತಿದ್ದ. ನಮ್ಮ ದೇವರ ಮನೆಗೆ ಹೋಗುವಾಗ ಒಮ್ಮೊಮ್ಮೆ ಮರೆಯುತ್ತಿದ್ದವನು ಇಲ್ಲಿ ಮರೆತದ್ದನ್ನು ನಾನು ಕಾಣೆ.

ಕಂಪನಿಯ ಕಾರಿನಲ್ಲಿ ಮನೆಯವರು ಕೂರುವಂತಿಲ್ಲ, ಇದು ನಿಯಮ. ಕೂರಿಸಿದ್ದು ಗೊತ್ತಾದರೆ ಕೆಲಸ ಹೋಗುತ್ತಿತ್ತು. ಬೇರೆ ಡ್ರೈವರುಗಳು ದೊರೆಯ ಕಣ್ಣು ತಪ್ಪಿಸಿ ಹೆಂಡತಿ ಮಕ್ಕಳನ್ನು ಊಟಿಗೆ ಸಿನಿಮಾಕ್ಕೆ ಕರೆದುಕೊಂಡು ಹೋಗಿ ಬರುತ್ತಿದ್ದರು. ನಮ್ಮಪ್ಪ ಮಾತ್ರ ಹರಿಶ್ಚಂದ್ರ. ನಾನು ಸ್ಕೂಲಿಗೆ ಮೂರು ಕಿಲೋಮೀಟರು ನಡೆಯಬೇಕಿತ್ತು. ದಾರಿಯಲ್ಲಿ ಎಷ್ಟೋ ಸಲ ಬಿಳಿ ಅಂಬಾಸಿಡರು ಖಾಲಿಯಾಗಿ ಎದುರಿಗೆ ಬರುತ್ತಿತ್ತು, ಹಿಂದಿನಿಂದಲೂ ಬರುತ್ತಿತ್ತು. ಅಪ್ಪ ಸ್ಟೇರಿಂಗಿನಿಂದ ಒಂದೇ ಒಂದು ಬೆರಳು ಎತ್ತಿ ತೋರಿಸಿ ಹೊರಟುಹೋಗುತ್ತಿದ್ದ. ಒಂದು ದಿನ ಜಡಿಮಳೆ. ಸಿಲ್ವರ್ ಓಕ್ ಮರದ ಕೆಳಗೆ ಪುಸ್ತಕಗಳನ್ನು ಅಂಗಿಯೊಳಗೆ ತುರುಕಿಕೊಂಡು ನಿಂತಿದ್ದೆ. ಕಾರು ನಿಧಾನವಾಯಿತು. ಆಹಾ, ಇವತ್ತು ಆಯಿತು ಅಂದುಕೊಂಡೆ. ಕಿಟಕಿಯಿಂದ ಕೊಡೆ ಹೊರಗೆ ಬಂತು. ನಾನು ಹಿಡಿದುಕೊಂಡೆ. ಕಾರು ಹೋಯಿತು.

"ಅದು ನಮ್ಮದಲ್ಲ ಮಗಾ" ಎನ್ನುತ್ತಿದ್ದ ಮನೆಯಲ್ಲಿ. ಆ ಕಾರಿನ ಗ್ಲಾಸು ನಮ್ಮ ಮನೆಯ ಪಾತ್ರೆಗಿಂತ ಹೆಚ್ಚು ಹೊಳೆಯುವುದು ಹೇಗೆ ಎಂದು ಅಮ್ಮ ಕೇಳಿದರೆ ನಗುತ್ತಿದ್ದ.

ಮಕ್ಕಳ ಕೋಪ ಸಂಜೆಗೆ ಇಳಿಯುತ್ತದೆ. ಇಳಿಯದ ಕೋಪ ಬಂದದ್ದು ನಾನು ದೊಡ್ಡವನಾದ ಮೇಲೆ. ಹತ್ತು ವರ್ಷದ ಕೆಳಗೆ, ನಾನು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದಾಗ, ಅಮ್ಮನಿಗೆ ಹೆಜ್ಜೇನು ಕಡಿಯಿತು. ರಸ್ತೆ ಅಂಚಿನ ನಮ್ಮ ಕಾಲೆಕರೆ ಟೀ ತೋಟದಲ್ಲಿ ಒಬ್ಬಳೇ ಎಲೆ ಕೀಳುತ್ತಿದ್ದಳಂತೆ. ಮುಖ, ಕತ್ತು, ಕೈ ಎಲ್ಲ ಊದಿ ಉಸಿರು ಸಿಕ್ಕಿಕೊಂಡಿತ್ತಂತೆ. ಆಸ್ಪತ್ರೆಗೆ ಸೇರಿಸಿ ಬದುಕಿಸಿದರು. ನಾನು ಓಡಿ ಬಂದಾಗ ಕಣ್ಣು ತೆರೆಯಲಾಗದೆ ಮಲಗಿದ್ದಳು. ಯಾರು ಕರೆದುಕೊಂಡು ಬಂದದ್ದು ಎಂದು ಕೇಳಿದೆ. "ಎಲೆ ಲಾರಿ ಬಂತು ಮಗಾ, ಅದರಲ್ಲೇ" ಎಂದಳು.

ಎಲೆ ಲಾರಿ! ಮೂಟೆಗಳ ಮೇಲೆ! ಒಂದು ಕಿಲೋಮೀಟರು ದೂರದ ಶೆಡ್ಡಿನಲ್ಲಿ ಹೊಸಾ ಬಿಳಿ ಗಾಡಿ ನಿಂತಿದೆ, ಅದರ ಕೀಲಿ ಅವಳ ಗಂಡನ ಜೇಬಿನಲ್ಲಿದೆ, ಅವಳು ಮಾತ್ರ ಲಾರಿಯಲ್ಲಿ. ನನಗೆ ಮೈಯೆಲ್ಲ ಉರಿಯಿತು. ಅವಳು ಮನೆಗೆ ಬಂದ ಮೇಲೆ ಅಂಗಳದಲ್ಲೇ ಅಪ್ಪನ ಮೇಲೆ ಹರಿಹಾಯ್ದೆ. "ಹೆಂಡತಿ ಸಾಯ್ತಾ ಬಿದ್ದಿದ್ರೂ ನಿನಗೆ ಸೀಟು ಕೊಳೆಯಾಗಬಾರದು, ಅಲ್ವಾ? ನಿನ್ನನ್ನ ಅಪ್ಪ ಅಂತ ಕರೆಯೋಕೆ ನಾಚಿಕೆ ಆಗ್ತದೆ" ಎಂದೆ. ಅಪ್ಪ ಒಳಗೆ ಹೋದ. ಮುಂದಿನ ವರ್ಷ ರಿಟೈರಾದ. ಬೀಳ್ಕೊಡುಗೆಯಲ್ಲಿ ದೊರೆ ಎದ್ದು ನಿಂತು, ಇಪ್ಪತ್ತಾರು ವರ್ಷದಲ್ಲಿ ನಂಜಪ್ಪ ಗಾಡಿಗೆ ಒಂದು ಗೀರು ಬೀಳಿಸಿಲ್ಲ ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪ ತಲೆ ತಗ್ಗಿಸಿ ನಿಂತಿದ್ದ. ನಾನು ಚಪ್ಪಾಳೆ ತಟ್ಟಲಿಲ್ಲ.

ಆಮೇಲೆ ತಿರುಪ್ಪೂರು ಬಿಟ್ಟು ಊರಿಗೇ ಬಂದೆ, ಸರೋಜಳನ್ನು ಮದುವೆಯಾದೆ, ಇಲ್ಲಿಯ ಟೀ ಫ್ಯಾಕ್ಟರಿಯೊಂದರಲ್ಲಿ ಎಲೆ ನೋಡುವ ಕೆಲಸಕ್ಕೆ ಸೇರಿದೆ. ಅಪ್ಪನ ಜೊತೆ ಮಾತುಕತೆ ಇತ್ತು. ಊಟ ಆಯ್ತಾ, ಆಯ್ತು. ಎಲೆ ಹೋಯ್ತಾ, ಹೋಯ್ತು. ಅಷ್ಟೇ.

ಈಗ ಹರಾಜಿನ ಕಥೆ. ಹೋದ ಬೇಸಿಗೆಯಲ್ಲಿ ಆ ಎಸ್ಟೇಟಿನವರು ಹಳೇ ಗಾಡಿಗಳನ್ನು ಏಲ ಹಾಕುತ್ತಾರೆ ಎಂದು ಫ್ಯಾಕ್ಟರಿ ಗೇಟಿನಲ್ಲಿ ಚೀಟಿ ಅಂಟಿಸಿದರು. ಒಂದು ಟ್ರಾಕ್ಟರು, ಒಂದು ಮಿನಿ ಲಾರಿ, ಮತ್ತು ಅಪ್ಪ ಕೊನೆಯ ನಾಲ್ಕು ವರ್ಷ ಓಡಿಸಿದ ಅದೇ ಬಿಳಿ ಗಾಡಿ. ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ; ಇಂಜಿನ್ ಸ್ಟಾರ್ಟ್ ಮಾಡಿ ನೋಡಬಹುದು, ಓಡಿಸಿ ನೋಡುವಂತಿಲ್ಲ. ನಮ್ಮ ಜಿಲ್ಲೆಯದೇ ರಿಜಿಸ್ಟ್ರೇಷನ್ ಬೇರೆ. ಆ ನಂಬರಿದ್ದರೆ, ಹೊರ ಜಿಲ್ಲೆಯ ಗಾಡಿಗಳನ್ನು ಇಳಿಯಬಿಡದ ಕಡಿದಾದ ಕಲ್ಹಟ್ಟಿ ಘಾಟಿಯಲ್ಲಿ ಚೆಕ್‌ಪೋಸ್ಟಿನವರು ತಡೆಯುವುದಿಲ್ಲ, ಸರೋಜಳ ತಂಗಿಯ ಊರಾದ ಬೊಕ್ಕಾಪುರಕ್ಕೆ ನೇರ ಇಳಿಯಬಹುದು. ಇದೆಲ್ಲ ನಾನು ಹೊರಗೆ ಹೇಳಿದ ಕಾರಣ. ಒಳಗಿನ ಕಾರಣ ನಿಮಗೆ ಗೊತ್ತೇ ಇದೆ. ನಮ್ಮನ್ನು ಹತ್ತಿಸದ ಗಾಡಿಯಲ್ಲಿ ಅಮ್ಮನನ್ನು ಕೂರಿಸಿ ಅಪ್ಪನ ಮುಂದೆಯೇ ಮೂರು ಸುತ್ತು ಹೊಡೆಯಬೇಕು. ಸಣ್ಣ ಬುದ್ಧಿ ಅನ್ನಿ, ಒಪ್ಪಿಕೊಳ್ಳುತ್ತೇನೆ.

ಹರಾಜಿನ ಹಿಂದಿನ ದಿನ ಅಪ್ಪನನ್ನು ಕೇಳಿದೆ. "ಆ ಗಾಡಿ ಹೇಗಪ್ಪಾ?"

"ಬೇಡ."

"ಯಾಕೆ?"

"ಬೇಡ ಅಂದ್ರೆ ಬೇಡ. ಬೇರೆ ನೋಡು."

ದೊರೆ ಕೂತ ಗಾಡಿಯಲ್ಲಿ ಮಗ ಕೂರುವುದು ಇವನಿಗೆ ಸಹಿಸದು ಎಂದುಕೊಂಡೆ. ಹಟ ಇನ್ನೂ ಬಲವಾಯಿತು.

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ನನ್ನ ಪೆದ್ದುತನದ ಪೂರ್ತಿ ರುಚಿ ನಿಮಗೆ ಸಿಗುವುದಿಲ್ಲ. ಫ್ಯಾಕ್ಟರಿಗೆ ಬರುವ ಎಲೆಮೂಟೆಯಲ್ಲಿ ಮೇಲೆ ಎರಡೆಲೆ ಒಂದು ಮೊಗ್ಗಿನ ಚಿಗುರು ಇಟ್ಟು, ಕೆಳಗೆ ಒರಟು ಎಲೆ, ಕಡ್ಡಿ, ನೀರು ಚಿಮುಕಿಸಿದ್ದು ತುಂಬಿರುತ್ತಾರೆ. ಬೆಳೆಗಾರರೆಲ್ಲ ನಮ್ಮವರೇ, ಆದರೆ ಬುದ್ಧಿ ಬಿಡಬೇಕಲ್ಲ! ನನ್ನ ಕೆಲಸ ಮೊಳಕೈವರೆಗೆ ಮೂಟೆಯೊಳಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆದು ನೋಡುವುದು. ಎಂಟು ವರ್ಷದಿಂದ ಅದೇ. ನನ್ನ ಕೈ ಕಂಡರೆ ಸೋಲೂರಿನ ಅರ್ಧ ಊರಿಗೆ ಸಿಟ್ಟು. ಅಂಥ ನಾನು ಹರಾಜಿನ ದಿನ ಗಾಡಿಯ ಸುತ್ತ ಮೂರು ಸಲ ತಿರುಗಿದೆ, ಬಣ್ಣ ನೋಡಿದೆ, ಬಾಗಿಲು ತೆಗೆದು ಹಾಕಿದೆ, ಸೀಟಿನ ಮೇಲೆ ಕೈಯಾಡಿಸಿದೆ, ಇಂಜಿನ್ ಶಬ್ದ ಕೇಳಿ ತಲೆದೂಗಿದೆ. ಬಗ್ಗಿ ಕೆಳಗೆ ನೋಡಲಿಲ್ಲ. ಮೇಟ್ಟುಪಾಳ್ಯದಿಂದ ಬಂದಿದ್ದ ಒಬ್ಬ ಹಳೇ ಗಾಡಿ ವ್ಯಾಪಾರಿ ಅಂಗಿ ಕೊಳೆಯಾದರೂ ಲೆಕ್ಕಿಸದೆ ಅಂಗಾತ ಮಲಗಿ ಅಡಿಗೆ ತೂರಿದ. ಹೊರಬಂದು ಕೈ ಕೊಡವಿಕೊಂಡು ಟ್ರಾಕ್ಟರಿನ ಕಡೆ ನಡೆದುಬಿಟ್ಟ. ನನಗೆ ಅನುಮಾನ ಬರಬೇಕಿತ್ತು. ಬಂದದ್ದು ಸಂತೋಷ. ಪೋಟಿ ಕಮ್ಮಿಯಾಯಿತಲ್ಲ!

ಗಾಡಿ ನನ್ನದಾಯಿತು. ಅಮ್ಮ ಅಂಗಳಕ್ಕೆ ಬಂದು ನೋಡಿ "ಇದನ್ನೇ ತಂದ್ಯಾ?" ಎಂದಳು. ಸಂತೋಷಕ್ಕೆ ಮಾತು ಬರುತ್ತಿಲ್ಲ ಎಂದುಕೊಂಡೆ. ಅಪ್ಪ ಒಂದು ಸುತ್ತು ಬಂದ. ಮುಂದಿನ ಎಡಗಾಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತ. ಒಳಗೆ ಹೋದ.

ಅಲ್ಲಿಂದ ಎರಡು ವಾರ ಅಪ್ಪ ಆ ಗಾಡಿಗೆ ಕಾಲಿಡಲಿಲ್ಲ. ಊಟಿಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಬಾ ಎಂದೆ. ಬಸ್ಸಿಗೆ ಹೋದ. ಬಸ್ಸಿನಲ್ಲಿ ಅಪ್ಪ ಕಂಬಿ ಹಿಡಿದು ನಿಂತಿದ್ದಾನೆ, ಹಿಂದೆಯೇ ನಾನು ಖಾಲಿ ಗಾಡಿಯಲ್ಲಿ ಹೋಗುತ್ತಿದ್ದೇನೆ, ಬಸ್ಸಿನ ಹಿಂದಿನ ಗಾಜಿನಿಂದ ಊರವರೆಲ್ಲ ನೋಡುತ್ತಿದ್ದಾರೆ. ನನ್ನ ಮಾನ ಹೋಗಲು ಇನ್ನೇನು ಬೇಕು?

ಸರೋಜಳ ತಂಗಿ ಬೊಕ್ಕಾಪುರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಳು. ಭಾನುವಾರ ಬೆಳಿಗ್ಗೆ ಡಿಕ್ಕಿಯಲ್ಲಿ ಒಂದು ಮೂಟೆ ಕ್ಯಾರೆಟ್ಟು, ಒಂದು ಚೀಲ ಬೆಳ್ಳುಳ್ಳಿ, ಉಡುಗೊರೆಯ ಕುಕ್ಕರು. ಅಮ್ಮ ಹಿಂದೆ, ಸರೋಜ ಮುಂದೆ. ಅಪ್ಪ ಬರುವುದಿಲ್ಲ ಎಂದು ಮೊದಲೇ ಹೇಳಿದ್ದ. ತಲೈಕುಂದಾ ದಾಟಿ ಕಲ್ಹಟ್ಟಿಯ ಮೂವತ್ತಾರು ತಿರುವು ಇಳಿದರೆ ಮಸಿನಗುಡಿ, ಅಲ್ಲಿಂದ ಬೊಕ್ಕಾಪುರ ಕೂಗಳತೆ. ಕೀಲಿ ತಿರುಗಿಸಿದೆ. ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದ ಅಪ್ಪ ಹಾಗೇ ಒದ್ದೆ ಕೈಯಲ್ಲಿ ಬಂದು ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತ.

"ಇಂಜಿನ್ ನಿಲ್ಸು."

"ಏನಪ್ಪಾ? ಹೊತ್ತಾಗ್ತದೆ."

"ನಿಲ್ಸು ಅಂದೆ. ಎಲ್ಲಾರೂ ಇಳೀರಿ."

ಹತ್ತು ವರ್ಷದ ಸಿಟ್ಟೆಲ್ಲ ಹೊರಬಂತು. "ಈಗಲೂ ಬಿಡಲ್ವಾ? ಈ ಗಾಡಿ ನಂದು, ದೊರೇದಲ್ಲ. ನಿನ್ನ ಸೊಸೆ ಕೂತ್ರೆ ಸೀಟು ಸವೆದು ಹೋಗ್ತದಾ?"

"ಸೀಟು ಹಾಳಾಗಿ ಹೋಗ್ಲಿ. ಇಲ್ಲೆಲ್ಲ ಓಡ್ತದೆ ಅಂತ ಸುಮ್ನಿದ್ದೆ, ಇದರಲ್ಲಿ ಕಲ್ಹಟ್ಟಿ ಇಳೀಬೇಡ ಮಗಾ. ಇದರ ಚಾಸಿ ಮುರಿದದ್ದು. ಅಡೀಲಿ ವೆಲ್ಡಿಂಗ್ ಉಂಟು. ನಾನೇ ಮುರಿದದ್ದು."

ನಾನು ಇಂಜಿನ್ ನಿಲ್ಲಿಸಿದೆ. ಅಪ್ಪ ಬಾನೆಟ್ಟಿನಿಂದ ಕೈ ತೆಗೆಯಲಿಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದ. ಹೆಜ್ಜೇನು ಎದ್ದ ಆ ದಿನ ದೊರೆ ಬೇರೆಯವರ ಗಾಡಿಯಲ್ಲಿ ಕೂನೂರಿಗೆ ಹೋಗಿದ್ದರು. ಅಪ್ಪ ಕಾರಿಗೆ ಡೀಸೆಲ್ ಹಾಕಿಸಿಕೊಂಡು ಬರುತ್ತಿದ್ದ. ನಮ್ಮ ತೋಟದ ಅಂಚಿನಲ್ಲಿ ಸೆರಗು ಮುಖಕ್ಕೆ ಸುತ್ತಿಕೊಂಡು ಬಿದ್ದಿದ್ದವಳು ತನ್ನ ಹೆಂಡತಿ ಎಂದು ಸೀರೆಯಿಂದ ಗುರುತು ಹಿಡಿದ. ಎತ್ತಿ ಗಾಡಿಗೆ ಹಾಕಿಕೊಂಡು ಊಟಿಗೆ ಹೊಡೆದ. ಅವಳನ್ನು ಡಾಕ್ಟರ ಕೈಗೆ ಒಪ್ಪಿಸಿ, ದೊರೆ ಬರುವ ಮೊದಲು ಗಾಡಿ ಶೆಡ್ಡಿಗೆ ಸೇರಿಸಬೇಕೆಂದು ವಾಪಸು ಬರುವಾಗ, ಮಧ್ಯಾಹ್ನವೇ ಕವಿದ ಮಂಜಿನಲ್ಲಿ, ತಿರುವಿನ ನಡುವೆ ಕಾಡುಕೋಣ ನಿಂತಿತ್ತು.

"ನಾನು ಎಂದೂ ಅಷ್ಟು ಜೋರಾಗಿ ಓಡಿಸಿದವನಲ್ಲ" ಎಂದ ಅಪ್ಪ. "ತಿರುಗಿಸಿದೆ. ಎಡಗಾಲಿ ಮೋರಿಗೆ ಇಳೀತು. ಅಡಿ ಕಲ್ಲಿಗೆ ಬಡೀತು. ಮೇಲೆ ಏನೂ ಆಗ್ಲಿಲ್ಲೆ. ಒಂದು ಗೀರೂ ಇಲ್ಲೆ."

ಮಾರನೆಯ ದಿನ ಕ್ಲಚ್ ಜಾರುತ್ತಿದೆ ಎಂದು ದೊರೆಗೆ ಸುಳ್ಳು ಹೇಳಿ ಗೂಡಲೂರಿಗೆ ಒಯ್ದು, ಗುರುತಿನ ಮೆಕಾನಿಕ್ಕಿನಿಂದ ಬೆಸುಗೆ ಹಾಕಿಸಿದ್ದ. ಕೆಲಸ ಹೋಗುವ ಹೆದರಿಕೆಗೆ ಗಂಡ ಹೆಂಡತಿ ಇಬ್ಬರೂ ಎಲೆ ಲಾರಿಯ ಕಥೆ ಕಟ್ಟಿದ್ದರು. ಚಾಸಿಯ ವಿಷಯ ಮಾತ್ರ ಅಪ್ಪ ಅಮ್ಮನಿಗೂ ಹೇಳಿರಲಿಲ್ಲ.

ಹಿಂದಿನ ಸೀಟಿನಿಂದ ಅಮ್ಮ ನಿಧಾನವಾಗಿ ಇಳಿದಳು. ನನ್ನ ಕಿಟಕಿಯ ಹತ್ತಿರ ಬಂದಳು. "ಮುಂದಿನ ಸೀಟಲ್ಲಿ ಕೂರಿಸಿದ್ದ ಕಣೋ, ಈಗ ಸರೋಜ ಕೂತಾಳಲ್ಲ, ಅಲ್ಲೇ. ದಾರಿ ಉದ್ದಕ್ಕೂ ಅಳ್ತಾ ಓಡಿಸ್ದ. ನನಗೆ ಕಣ್ಣು ಕಾಣ್ತಿರಲಿಲ್ಲೆ, ಕಿವಿ ಕೇಳ್ತಿತ್ತು."

ನಾನು ಸ್ಟೇರಿಂಗ್ ಹಿಡಿದುಕೊಂಡು ಕೂತೇ ಇದ್ದೆ. ಅಂಗಳದಲ್ಲಿ ಅಂದು ನಾನಾಡಿದ ಮಾತು ಒಂದೂ ಮರೆತಿರಲಿಲ್ಲ. ಮೊಬೈಲು ಒಂದೇ ಸಮ ಬಡಿದುಕೊಳ್ಳುತ್ತಿತ್ತು, ಸರೋಜಳ ತಂಗಿ. ಸರೋಜಳೇ ಎತ್ತಿ "ಗಾಡಿ ಕೆಟ್ಟದೆ, ಬಸ್ಸಿಗೆ ಬರ್ತೀವಿ" ಎಂದಳು. ಅತ್ತೆ ಸೊಸೆ ಕುಕ್ಕರು ಹಿಡಿದುಕೊಂಡು ಬಸ್ಸಿಗೆ ನಡೆದರು. ಕ್ಯಾರೆಟ್ಟು ಡಿಕ್ಕಿಯಲ್ಲೇ ಉಳಿಯಿತು.

ಮರುದಿನ ಗೂಡಲೂರಿಗೆ ಹೊರಟೆವು. ಎಳೆದುಕೊಂಡು ಹೋಗುವ ಲಾರಿ ಕರೆಸೋಣ ಎಂದೆ. ಅಪ್ಪ ಕೇಳಲಿಲ್ಲ. ಕೀಲಿ ಕೊಡು, ಅಷ್ಟು ಕಡಿದಲ್ಲದ ನಡುವಟ್ಟದ ರಸ್ತೆಯಲ್ಲಿ ಮೆಲ್ಲಗೆ ಇಳಿಸಿಕೊಂಡು ಹೋಗುತ್ತೇನೆ ಎಂದ. ನಾನು ಪಕ್ಕದ ಬಾಗಿಲು ತೆಗೆದು ಕೂತೆ.

"ಇಳಿ. ಒಡಕು ಗಾಡೀಲಿ ಇಬ್ಬರು ಯಾಕೆ?"

"ಒಬ್ಬ ಯಾಕೆ?" ಎಂದೆ.

ಅಪ್ಪ ನನ್ನನ್ನು ನೋಡಿದ. ಗೇರು ಹಾಕಿದ. ಪೈಕಾರ ದಾಟಿ ಇಳಿಜಾರು ಸಿಕ್ಕಿದ್ದೇ ಎರಡನೇ ಗೇರಿಗೆ ಬಂದವನು ಗೂಡಲೂರಿನವರೆಗೆ ಬದಲಿಸಲಿಲ್ಲ. ಹಿಂದೆ ಟೂರಿಸ್ಟ್ ಗಾಡಿಗಳು ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋದವು. ಒಬ್ಬನಂತೂ ಕಿಟಕಿಯಿಂದ ತಲೆ ಹಾಕಿ ತಾತಾ ಮಲಗಿದ್ದೀಯಾ ಎಂದು ತಮಿಳಿನಲ್ಲಿ ಕೇಳಿದ. ಅಪ್ಪ ಸ್ಟೇರಿಂಗಿನಿಂದ ಒಂದು ಬೆರಳು ಎತ್ತಿ ಅವನಿಗೆ ದಾರಿ ಕೊಟ್ಟ. ಗುಂಡಿಗಳನ್ನು ಅವನು ಬಳಸಿ ಹೋಗುವ ರೀತಿ ನೋಡಿ, ನಾನು ಎರಡು ವಾರ ಮಾಡಿದ್ದು ಡ್ರೈವಿಂಗೇ ಅಲ್ಲ ಎನ್ನುವುದು ನನಗೆ ತಿಳಿಯಿತು.

ಗೂಡಲೂರಿನ ಮೆಕಾನಿಕ್ಕು ಮಲಯಾಳಿ, ಎಲ್ಲರೂ ಕಾಕ ಎನ್ನುತ್ತಾರೆ, ಅಪ್ಪನ ವಯಸ್ಸೇ. ಗಾಡಿಯನ್ನು ನೋಡಿದ್ದೇ "ನಂಜಪ್ಪಣ್ಣೋ, ಈ ಕಳ್ಳ ಇನ್ನೂ ಜೀವ ಇಟ್ಕೊಂಡುಂಟಾ!" ಎಂದು ನಕ್ಕ. ಜಾಕಿ ಕೊಟ್ಟು ಎತ್ತಿ, ಟಾರ್ಚು ಹಿಡಿದು ಅಡಿಗೆ ಹೋದ. ಬಹಳ ಹೊತ್ತು ಬರಲಿಲ್ಲ. ಆಮೇಲೆ ನನ್ನನ್ನೂ ಬಗ್ಗಿಸಿದ.

"ಇದು ನಾನು ಇಟ್ಟ ವೆಲ್ಡಿಂಗ್. ಕಲ್ಲು, ಕಲ್ಲು! ಏನೂ ಆಗಿಲ್ಲ. ಇಲ್ಲಿ ನೋಡು, ಅದರ ಪಕ್ಕ. ತುಕ್ಕು ತಿಂದು ಬಾಯಿ ಬಿಟ್ಟದೆ."

ಬೆರಳುದ್ದದ ಬಿರುಕು. ಕರೀ ಕಬ್ಬಿಣದಲ್ಲಿ ಹೊಸದಾಗಿ ಹೊಳೆಯುತ್ತಿತ್ತು.

"ಕಲ್ಹಟ್ಟಿ ಇಳಿದಿದ್ರೆ?" ಎಂದು ಕೇಳಿದೆ.

ಕಾಕ ಎದುರಿನ ಅಂಗಡಿಗೆ ಮೂರು ಟೀ ಎಂದು ಕೂಗಿದ. ಆಮೇಲೆ ಎರಡು ದಿನದ ಕೆಲಸ ಉಂಟು, ಹೊಸ ತುಂಡು ಹಾಕಿ ಕಟ್ಟಿಕೊಡುತ್ತೇನೆ, ಇಂಜಿನ್ ಮಾತ್ರ ಇನ್ನೂ ಹತ್ತು ವರ್ಷ ಬರ್ತದೆ, ಒಳ್ಳೇ ಡ್ರೈವರ ಕೈಯಲ್ಲಿ ಪಳಗಿದ್ದು ಎಂದು ಹೇಳಿ ತನ್ನ ಟೀ ಹಿಡಿದುಕೊಂಡು ಒಳಗೆ ಹೋದ.

ನಾನೂ ಅಪ್ಪನೂ ವರ್ಕ್‌ಶಾಪಿನ ಮುಂದಿನ ಬೆಂಚಿನ ಮೇಲೆ ಕೂತೆವು. ಬಸ್ಸುಗಳು ಹೋಗುತ್ತಿದ್ದವು. ಕ್ಷಮೆ ಕೇಳಬೇಕು ಎಂದು ಬಾಯಿ ತೆರೆದರೆ ಬೇರೇನೋ ಬಂತು.

"ಅವತ್ತು ಅಷ್ಟೆಲ್ಲ ಅಂದೆ ನಿನಗೆ. ಒಂದು ಮಾತು ಹೇಳಬಹುದಿತ್ತಲ್ಲ ಅಪ್ಪಾ."

"ಮೊದಲು ಕೆಲಸಕ್ಕೆ ಹೆದರಿ ಹೇಳಲಿಲ್ಲೆ."

"ರಿಟೈರಾದ ಮೇಲೆ?"

ಅಪ್ಪ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಹೇಳೋಣ ಅಂತಾನೇ ಇದ್ದೆ ಮಗಾ. ಯೋಚನೆ ಮಾಡಿದೆ. ಅವಳನ್ನ ನಾನು ಒಂದೇ ಒಂದು ದಿನ ತಾನೆ ಗಾಡೀಲಿ ಕೂರಿಸಿದ್ದು? ಅದೂ ಸಾಯೋ ಹಾಗೆ ಬಿದ್ದಿದ್ದಾಗ. ಹೊರೆ ಹೊತ್ತು ನಡೆದ್ಲು, ಜ್ವರದಲ್ಲಿ ನಡೆದ್ಲು. ನಿನ್ನ ಮಳೇಲಿ ನಿಲ್ಸಿ ಹೋದೆ. ಆ ಒಂದು ದಿನ ಬಿಟ್ರೆ ಮಿಕ್ಕ ಇಪ್ಪತ್ತಾರು ವರ್ಷಕ್ಕೂ ನೀ ಅಂದದ್ದು ಸರಿಯೇ ಅಲ್ವಾ?"

ನನ್ನ ಗ್ಲಾಸು ಬೆಂಚಿನ ಮೇಲಿಟ್ಟೆ. ನಲವತ್ತೈದು ವರ್ಷದ ಗಂಡಸು, ಹಗಲು ಹನ್ನೊಂದು ಗಂಟೆಗೆ, ಗೂಡಲೂರಿನ ಬೀದಿಯಲ್ಲಿ, ಅಪ್ಪನ ಭುಜಕ್ಕೆ ಮುಖ ಒತ್ತಿ ಅತ್ತುಬಿಟ್ಟೆ.